ಪಿತ್ತಕೋಶ, ಕಪ್ಪೆಚಿಪ್ಪು

…ಇಲ್ಲ ಡಿಂಪ್ನಾ, ರೇಡಿಯೋ ಆರಿಸಬೇಡ, ಅದರ ಪಾಡಿಗೆ ಅದು ಹಾಡಿಕೊಂಡಿರಲಿ. ನಾನು ಬಂದೆ ಅಂತ ಆರಿಸಬೇಕಾಗಿಲ್ಲ… ಆರಿಸಿಯೇ ಬಿಟ್ಟೆಯಾ. ಸರಿ. ನಿನ್ನ ಗಡಿಯಾರ ಇಷ್ಟು ಜೋರಾಗಿ ಬಡಿದುಕೊಳ್ತದೆ ಅಂತ ನನಗೆ ಇವತ್ತೇ ಗೊತ್ತಾದದ್ದು.

ಕೂತುಕೊಳ್ಳಲಾ? ಹನ್ನೊಂದು ವರ್ಷ ಕೇಳದೆ ಕೂತ ಕುರ್ಚಿ, ಇವತ್ತು ಕೇಳಿ ಕೂರುವ ಹಾಗಾಯಿತು ನೋಡು. ನೀನು ಆಲೂಗಡ್ಡೆ ಸುಲಿ, ನನಗೋಸ್ಕರ ನಿಲ್ಲಿಸಬೇಡ. ಟೀ ಏನೂ ಬೇಡ… ಹಾಕಿಯಾಯಿತಾ? ಸಕ್ಕರೆ ಬೇಡ ಕಣೇ, ತಪಸ್ಸುಕಾಲ ಮುಗಿಯುವ ತನಕ ಸಕ್ಕರೆ ಬಿಟ್ಟಿದ್ದೇನೆ, ನಿನಗೆ ಗೊತ್ತಲ್ಲ. ಒಂದು… ಎರಡು… ಮೂರು ಚಮಚ! ಬೇಕಂತಲೇ ಹಾಕಿದೆ. ಇರಲಿ, ಕುಡೀತೇನೆ. ದೇವರು ನೋಡ್ತಾ ಇದ್ದಾನೆ, ಯಾರು ಹಾಕಿದ್ದು ಅಂತ ಅವನಿಗೆ ಗೊತ್ತು.

ನಗಿಸೋಣ ಅಂತ ಅಂದೆ. ನಗು ಬರಲಿಲ್ಲ ಅಂದರೆ ಬೇಡ ಬಿಡು.

ಮೂರು ಗುರುವಾರ ಆಯಿತು ನೀನು ಚರ್ಚಿನ ಹಾಲ್‌ಗೆ ಬಾರದೆ. ಎಲ್ಲರೂ ನನ್ನನ್ನೇ ಕೇಳ್ತಾರೆ, ಡಿಂಪ್ನಾ ಎಲ್ಲಿ, ಡಿಂಪ್ನಾಗೆ ಏನಾಯಿತು ಅಂತ. ಕೆಮ್ಮು ಅಂದೆ. ಮೊದಲ ವಾರ ಕೆಮ್ಮು, ಎರಡನೇ ವಾರ ಮೊಣಕಾಲು. ಮೂರನೇ ವಾರಕ್ಕೆ ನಿನ್ನ ಮೈಯಲ್ಲಿ ಇನ್ನು ಯಾವ ಅಂಗಕ್ಕೆ ಕಾಯಿಲೆ ಕೊಡಲಿ ಅಂತ ತೋಚದೆ ಸುಮ್ಮನಾದೆ. ಚರ್ಚಿನ ವಸ್ತ್ರಗಳಿಗೆ ಇಸ್ತ್ರಿ ಹಾಕುವ ಕೈ ನನ್ನದು. ಪೂಜೆಯ ಬಟ್ಟಲು ಮುಟ್ಟುವ ಕೈ. ಅದೇ ಬಾಯಿ… ಅಂದರೆ ಅದೇ ಹೆಂಗಸಿನ ಬಾಯಿ ಜಪಸರ ಮುಗಿಸಿ ಐದು ನಿಮಿಷ ಆಗುವಷ್ಟರಲ್ಲಿ ಹೀಗೆ ಸುಳ್ಳು ಹೇಳ್ತದೆ.

ಹೋದ ವಾರ ಪದ್ಯದ ಆಟ ಹೇಗಾಯಿತು ಗೊತ್ತಾ? ಫಾದರ್ ಟೈರ್ನಿ ಕಣ್ಣು ಮುಚ್ಚಿ ನಿಘಂಟಿನ ಪುಟಗಳ ನಡುವೆ ಸ್ವೆಟರ್ ಹೆಣೆಯುವ ಕಡ್ಡಿ ಚುಚ್ಚಿದರು, 'ಮುಳ್ಳುಹಂದಿ' ಬಂತು. ಎರಡನೇ ಸಲ ಚುಚ್ಚಿದರು, 'ವಾರಸುದಾರ'. ಕರಿಹಲಗೆಯ ಮೇಲೆ ಎರಡನ್ನೂ ಅಕ್ಕಪಕ್ಕ ಬರೆದರು. ಟೀಗಿಟ್ಟ ನೀರು ಕುದಿಯುವುದರೊಳಗೆ ಎರಡು ಪದವೂ ಸೇರಿದ ಐದು ಸಾಲಿನ ತಮಾಷೆ ಪದ್ಯ ಕಟ್ಟಬೇಕಲ್ಲ, ಎಲ್ಲರೂ ತಲೆ ಕೆರೆದುಕೊಂಡರು. ನಮ್ಮ ಅಂಚೆಯಣ್ಣ ಮಾಲಕಿ ಇದ್ದಾನಲ್ಲ, ಅವನ ಬಾಯಿಗೆ ಬೀಗ ಇಲ್ಲ. ಲಿಮರಿಕ್ ಜಿಲ್ಲೆಯಲ್ಲಿ ಹುಟ್ಟಿ ಲಿಮರಿಕ್ ಪದ್ಯ ಕಟ್ಟಲು ಬಾರದಿದ್ದರೆ ಪಕ್ಕದ ಜಿಲ್ಲೆಗೆ ಗಡೀಪಾರು ಮಾಡಬೇಕು ಅಂದ. ಆಮೇಲೆ ತನ್ನ ಟೋಪಿ ತೆಗೆದು ಎಲ್ಲರ ಚೀಟಿ ಹಾಕಿಸಿಕೊಂಡ. ಫಾದರ್ ಒಂದೊಂದಾಗಿ ಬಿಡಿಸಿ ಓದಿದರು. ನನ್ನದೂ ಓದಿದರು. ಓದಿ ಮುಗಿಸಿ, ಇನ್ನೂ ಏನಾದರೂ ಇದೆಯೇನೋ ಅಂತ ಚೀಟಿ ತಿರುಗಿಸಿ ನೋಡಿದರು.

ಯಾರೂ ನಗಲಿಲ್ಲ ಡಿಂಪ್ನಾ. ಮಾಲಕಿ ಮಾತ್ರ ಟೋಪಿಯೊಳಗೆ ಕೈ ಹಾಕಿ ತಡಕಿದ. ಇನ್ನೊಂದು ಇರಬೇಕಲ್ಲ, ಅಸುಂಪ್ತಾ, ನಿನ್ನ ತಮಾಷೆಯದ್ದು ಎಲ್ಲಿ ಅಂದ. ತಲೆನೋವು ಅಂದೆ.

ಯಾಕೆ ಚಾಕು ಕೆಳಗಿಟ್ಟೆ? ಸುಲಿ, ಸುಲಿ. ಹೇಳ್ತೇನೆ. ಅದನ್ನು ಹೇಳೋಕೇ ಬಂದದ್ದು. ಗೇಟಿನ ಹತ್ತಿರ ಎರಡು ಸಲ ಬಂದು ಹಿಂದೆ ಹೋಗಿದ್ದೇನೆ, ನಿನ್ನ ಕೋಳಿಗಳು ಸಾಕ್ಷಿ. ಮೂರು ಭಾನುವಾರದಿಂದ ಪರಮಪ್ರಸಾದಕ್ಕೆ ಹೋಗಿಲ್ಲ ನಾನು, ಪಾಪ ಹೊತ್ತುಕೊಂಡು ಆ ರೊಟ್ಟಿ ತಗೊಳ್ಳುವ ಹಾಗಿಲ್ಲವಲ್ಲ. ಎಲ್ಲರೂ ಸಾಲಿನಲ್ಲಿ ಎದ್ದು ಹೋಗುವಾಗ ಒಬ್ಬಳೇ ಬೆಂಚಿನಲ್ಲಿ ಕೂತಿರ್ತೇನೆ. ಫಾದರ್ ಕೇಳಿದಾಗ ಹೊಟ್ಟೆ ಸರಿಯಿಲ್ಲ ಅಂದೆ. ಒಂಬತ್ತು ದಿನಕ್ಕೆ ಈಸ್ಟರ್. ನೀನು ಒಂದು ಮಾತು, ಹೋಗಲಿ ಬಿಡು ಅಸುಂಪ್ತಾ ಅಂತ ಒಂದೇ ಒಂದು ಮಾತು ಅಂದರೆ, ಎದ್ದು ಹೋಗ್ತೇನೆ, ದೇವರ ಎದುರು ನಿಲ್ತೇನೆ.

ಪೂರ್ತಿ ಕೇಳಿಸಿಕೊಂಡು ಆಮೇಲೆ ಅನ್ನು. ಈಗಲೇ ಅನ್ನಬೇಡ.

ಆ ಪಿತ್ತಕೋಶದ ಗುರುವಾರ ನೆನಪಿದೆಯಾ? ನೆನಪಿರದೆ ಏನು. ಕ್ರಿಸ್ಮಸ್ ಕಳೆದು ಎರಡನೇ ವಾರ. ಕಡ್ಡಿ ಚುಚ್ಚಿದವಳು ನಾನೇ. ಮೊದಲು 'ಪಿತ್ತಕೋಶ', ಆಮೇಲೆ 'ಕಪ್ಪೆಚಿಪ್ಪು'. ಇದು ಪಾಪದ ಜೋಡಿ, ಮತ್ತೆ ಚುಚ್ಚಿ ಅಂತ ಎಲ್ಲರೂ ಗಲಾಟೆ ಮಾಡಿದರು. ಫಾದರ್ ಒಪ್ಪಲಿಲ್ಲ. ಬಂದ ಪದ ಬಂದದ್ದೇ, ದೇವರು ಕೊಟ್ಟ ಮಕ್ಕಳನ್ನು ವಾಪಸ್ಸು ಕಳಿಸ್ತೀರಾ ಅಂದರು.

ನೀನು ಎಂದಿನ ಹಾಗೆ ನನ್ನ ಪಕ್ಕ ಕೂತಿದ್ದೆ. ಕನ್ನಡಕ ಮನೆಯಲ್ಲೇ ಮರೆತೆ ಅಂದೆ. ಹನ್ನೊಂದು ವರ್ಷದಿಂದ ಪ್ರತಿ ಗುರುವಾರ ಮರೆತ ಕನ್ನಡಕ! ಡಿಂಪ್ನಾಳ ಕನ್ನಡಕ ಮನೆಯಲ್ಲಿದ್ದುಕೊಂಡು ಕಸ ಗುಡಿಸ್ತದೆ ಅಂತ ಮಾಲಕಿ ತಮಾಷೆ ಮಾಡಿದಾಗ ನೀನೂ ನಕ್ಕುಬಿಡ್ತಿದ್ದೆ. ಇಡೀ ಹಾಲ್‌ನಲ್ಲಿ ನನಗೊಬ್ಬಳಿಗೇ ಗೊತ್ತು, ಈ ಮನೆಯಲ್ಲಿ ಕನ್ನಡಕವೇ ಇಲ್ಲ ಅಂತ. ಕಣ್ಣಿಗೇನಾಗಿದೆ ನಿನಗೆ? ಆಚೆ ಗುಡ್ಡದಲ್ಲಿ ಕುಂಟುವ ಕುರಿ ಯಾರದ್ದು ಅಂತ ಇಲ್ಲಿಂದಲೇ ಹೇಳ್ತೀಯ. ಎಂಟನೇ ವಯಸ್ಸಿಗೆ ಶಾಲೆ ಬಿಡಿಸಿ ತೊಟ್ಟಿಲು ತೂಗಲು ಕೂರಿಸಿದರು, ಅಕ್ಷರ ಕಲಿಯಲಿಲ್ಲ, ಅಷ್ಟೆ. ನಾನು ಅದನ್ನು ಯಾರಿಗೂ ಹೇಳಿಲ್ಲ. ಮರಿಯಮ್ಮನ ಆಣೆ, ಫಾದರ್‌ಗೂ ಹೇಳಿಲ್ಲ. ಅದೊಂದು ನನ್ನ ಲೆಕ್ಕಕ್ಕೆ ಪುಣ್ಯ ಅಂತ ಬರೆದುಕೋ… ಬರೆದುಕೋ ಅಂದೆನಾ. ಅಯ್ಯೋ. ಬಾಯಿ ತಪ್ಪಿತು, ಕ್ಷಮಿಸು.

ನಾನು ಎರಡು ಚೀಟಿ ತಗೊಂಡೆ, ಯಾವತ್ತಿನಂತೆ. ಒಂದು ನನಗೆ, ಒಂದು ಗುಟ್ಟಾಗಿ ನಿನಗೆ. ನಾನು ಮೊದಲ ಸಾಲಿಗೇ ಒದ್ದಾಡ್ತಾ ಇದ್ದೆ. ನೀನು ಕಿಟಕಿ ಕಡೆ ನೋಡ್ತಾ ಕೂತವಳು, ಒಂದು ಸಲ ಮೂಗು ಉಜ್ಜಿಕೊಂಡೆ, ನನ್ನ ಕಿವಿಯ ಹತ್ತಿರ ಬಗ್ಗಿ ಗಡಗಡ ಹೇಳಿಬಿಟ್ಟೆ. ಒಂದೇ ಉಸಿರಿಗೆ. ಎಲ್ಲಿಂದ ಬರ್ತದೆ ನಿನಗೆ?

ಪಾದ್ರಿಯೊಬ್ಬರಿಗೆ ಕೆರಳಿತು ಪಿತ್ತಕೋಶ,
ಪೀಠ ಹತ್ತಿದರೆ ಸಾಕು, ಗುಡುಗು, ಆಕ್ರೋಶ;
ತಿಂದರೊಮ್ಮೆ ಕಪ್ಪೆಚಿಪ್ಪು,
ಅಂದಿನಿಂದ ಗಪ್ಪುಚಿಪ್ಪು,
ಊರಿಗೆಲ್ಲ ಸ್ವರ್ಗ ಸಿಕ್ಕ ಸಂತೋಷ!

ಹೇಳಿದ ಹಾಗೇ ಬರೆದೆ. ಫಾದರ್ ಓದುವುದು, ಅವರ ಬಾಯಲ್ಲೇ ಇದು ಬರಬೇಕು. ನಗುವನ್ನು ಕರವಸ್ತ್ರದೊಳಗೆ ತುರುಕಿದೆ. ಆಮೇಲೆ ನನ್ನದು ಬರೆದೆ. 'ದೇವರೇ, ಕಾಯೋ ನನ್ನ ಪಿತ್ತಕೋಶ, ನಿನ್ನ ದಯೆಯಿದ್ದರೆ ಯಾತಕೆ ದೋಷ…' ಮುಂದಿನದು ಬಿಡು. ಮೊದಲು ಓದಿದ್ದು ನನ್ನದನ್ನೇ. ಓದಿ ಮುಗಿಯುತ್ತಲೇ ಮಾಲಕಿ ಟೋಪಿ ಎದೆಗೆ ಹಿಡಿದು ಆಮೆನ್ ಅಂದ. ಅವನ ಹಿಂದೆ ಇನ್ನೂ ನಾಲ್ಕು ಜನ ಆಮೆನ್ ಅಂದರು. ಗೇಲಿಗಲ್ಲ ಡಿಂಪ್ನಾ, ಅದೇ ಕಷ್ಟ. ನಿಜವಾಗಿಯೂ ಪ್ರಾರ್ಥನೆ ಅಂದುಕೊಂಡರು.

ಆಮೇಲೆ ನಿನ್ನದು. ಮೂರನೇ ಸಾಲಿಗೆ ಫಾದರ್‌ಗೆ ಗೊತ್ತಾಯಿತು ಎಲ್ಲಿಗೆ ಹೋಗ್ತಾ ಇದೆ ಅಂತ. ನಾಲ್ಕನೇ ಸಾಲಿಗೆ ಮುಖ ಕೆಂಪಗಾಯಿತು. ಐದನೆಯದನ್ನು ಓದಲು ಆಗಲೇ ಇಲ್ಲ, ಕುರ್ಚಿ ಹಿಡಿದುಕೊಂಡು ನಕ್ಕರು. ಬೇಕರಿಯ ಮುದುಕಿಗೆ ಕಣ್ಣಲ್ಲಿ ನೀರು ಬಂತು. ಚೀಟಿಗೆ ಹೆಸರು ಬರೆಯುವ ಪದ್ಧತಿ ಇಲ್ಲವಲ್ಲ, ಮಾಲಕಿ ಅದನ್ನು ಕಿತ್ತುಕೊಂಡು ಅಕ್ಷರ ನೋಡಿದ, ಬಂದು ನನ್ನ ಬೆನ್ನಿಗೆ ಗುದ್ದಿದ. ಇದು ನಿನ್ನ ಕೈಬರಹ ಅಸುಂಪ್ತಾ, ಇಷ್ಟು ದಿನ ಸಂತಳ ಹಾಗೆ ಕೂತು ಇದನ್ನೆಲ್ಲ ಎಲ್ಲಿ ಅಡಗಿಸಿಟ್ಟಿದ್ದೆ ಅಂದ.

ನಾನು ನಿನ್ನ ಕಡೆ ನೋಡಿದೆ. ನೀನು ತಲೆ ಅಲ್ಲಾಡಿಸಿದೆ, ಮೇಜಿನ ಕೆಳಗೆ ನನ್ನ ಕೈ ಹಿಸುಕಿದೆ. ಹಿಸುಕಿದೆ ಅಲ್ವಾ? ಹೇಳಬೇಡ ಅಂತ. ನನ್ನದು ಅಂದರೆ ಎದ್ದು ನಿಂತು ಓದು ಅಂತಾರೆ, ಆಗ ನಾನೇನು ಮಾಡಲಿ ಅಂತ ದಾರಿಯಲ್ಲಿ ನೀನೇ ಅಂದೆ. ನಾನು ಸುಮ್ಮನಿದ್ದೆ. ಹಾಗೆ ಸುಮ್ಮನಿದ್ದದ್ದು ನಿನಗೋಸ್ಕರವೇ ಡಿಂಪ್ನಾ. ಮೊದಲಿಗೆ ನಿನಗೋಸ್ಕರವೇ.

ಹಾಗೆ ನೋಡಬೇಡ.

ಸರಿ, ಹೇಳ್ತೇನೆ. ಚೆನ್ನಾಗಿತ್ತು. ಬೆನ್ನಿಗೆ ಬಿದ್ದ ಆ ಗುದ್ದು ಚೆನ್ನಾಗಿತ್ತು. ನನ್ನಪ್ಪ ಶಾಲೆಯ ಮೇಷ್ಟ್ರು, ಮನೆ ತುಂಬ ಪುಸ್ತಕ. ನಾಲ್ಕು ಸಾಲು ಬರೆಯಲು ಬರ್ತದೆ ಅಂತ ಊರೆಲ್ಲ ನನ್ನ ಹತ್ತಿರ ಅರ್ಜಿ ಬರೆಸ್ತಾರೆ. ಅರವತ್ತಾರು ವರ್ಷದಲ್ಲಿ ಒಬ್ಬ ಮನುಷ್ಯನನ್ನೂ ನಗಿಸಿದವಳಲ್ಲ ನಾನು. ನನ್ನನ್ನು ಕಂಡರೆ ಜನ ಸಿಗರೇಟು ಆರಿಸ್ತಾರೆ, ಟೋಪಿ ತೆಗೀತಾರೆ, ಮಾತು ಬದಲಿಸ್ತಾರೆ. ಚರ್ಚಿನ ಮೇಣದಬತ್ತಿಯ ಕಂಬ ನಡೆದುಬಂದ ಹಾಗೆ. ಅವತ್ತು ನನ್ನನ್ನು ನೋಡಿ ನಕ್ಕರು, ಕಣ್ಣಲ್ಲಿ ಕಣ್ಣಿಟ್ಟು. ಮನೆಗೆ ಹೋಗಿ ಮೊಣಕಾಲೂರಿ ಕ್ಷಮಿಸು ದೇವರೇ ಅಂದೆ. ಅಂದು ಎದ್ದು, ಕನ್ನಡಿ ನೋಡಿಕೊಂಡೆ.

ಇರಲಿ. ರೇಡಿಯೋ ವಿಷಯಕ್ಕೆ ಬರ್ತೇನೆ.

ರೇಡಿಯೋದವರು ಲಿಮರಿಕ್ ಕಳಿಸಿ ಅಂತ ಪ್ರಕಟಣೆ ಕೊಟ್ಟರಲ್ಲ, ನಾನು ಕಳಿಸಿದೆ. ನಿನಗೆ ಹೇಳದೆ ಕಳಿಸಿದ್ದು ತಪ್ಪು, ಒಪ್ಪಿಕೊಳ್ತೇನೆ. ಗೆದ್ದರೆ ನಿನಗೆ ಒಮ್ಮೆಗೇ ತಿಳಿಯಲಿ, ಆಶ್ಚರ್ಯ ಆಗಲಿ ಅಂತ. ಒಂದೇ ಲಕೋಟೆಯಲ್ಲಿ ನಿನ್ನದೂ ನನ್ನದೂ ಇಟ್ಟೆ. ನಿನ್ನದರ ಕೆಳಗೆ ನಿನ್ನ ಹೆಸರು, ನನ್ನದರ ಕೆಳಗೆ ನನ್ನ ಹೆಸರು. ಲಕೋಟೆಯ ಹಿಂದೆ ಕಳಿಸಿದವರು ಅಂತ ನನ್ನ ವಿಳಾಸ. ಅಲ್ಲಿ ಯಾರೋ ಹೊಸ ಹುಡುಗಿ ಇದ್ದಾಳಂತೆ, ಅವಳು ಲಕೋಟೆ ನೋಡಿ ಎರಡಕ್ಕೂ ನನ್ನ ಹೆಸರೇ ಹಾಕಿಬಿಟ್ಟಳಂತೆ. ಅವಳನ್ನೂ ಬೈಯಬಾರದು, ಪಾಪ, ದಿನಕ್ಕೆ ನೂರು ಲಕೋಟೆ ಒಡೀತಾಳೆ.

ನೀನು ಇಲ್ಲೇ ಕೂತು ಕೇಳಿದೆ, ಅಲ್ವಾ? ಇದೇ ಮೇಜಿನ ಹತ್ತಿರ. ಮೊದಲ ಸಾಲಿಗೇ ಗೊತ್ತಾಗಿರಬೇಕು. ನಿನ್ನ ಬಾಯಿಂದ ನನ್ನ ಕಿವಿಗೆ ಬಿದ್ದ ಮಾತು ದೇಶದ ಕಿವಿಗೆಲ್ಲ ಬೀಳ್ತಾ ಇದೆ. ಎಷ್ಟು ಹಿಗ್ಗಿರಬೇಕು ನೀನು. ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಕಾದಿರಬೇಕು, ಹೆಸರು ಹೇಳ್ತಾರೆ ಅಂತ.

ಆಮೇಲೆ ಶ್ರೀಮತಿ ಅಸುಂಪ್ತಾ ನ್ಯಾಶ್ ಅಂದರು.

ಟೀ ಆರಿಹೋಯಿತು. ಪರವಾಗಿಲ್ಲ, ಕುಡೀತೇನೆ.

ನಾನು ಆವತ್ತೇ ಓಡಿ ಬರಬೇಕಿತ್ತು. ಒಂಬತ್ತು ದಿನ ಬರಲಿಲ್ಲ. ಯಾಕೆ ಅಂತ ನೀನು ಕೇಳ್ತಾ ಇಲ್ಲ, ಆದರೂ ಹೇಳ್ತೇನೆ. ಮಾಂಸದಂಗಡಿಯವನು ನನ್ನನ್ನು ಕಂಡು, ಬನ್ನಿ ಅಮ್ಮಾ, ಇವತ್ತು ಒಳ್ಳೆ ಪಿತ್ತಕೋಶ ಇದೆ ಅಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಬಸ್ಸಿನ ಡ್ರೈವರ್ ಎದ್ದು ನಿಂತು ಆಕ್ರೋಶ, ಸಂತೋಷ ಅಂತ ಹಾಡಿದ. ಒಂಬತ್ತು ದಿನ, ಹಬ್ಬದ ಮುಂಚಿನ ಒಂಬತ್ತು ದಿನದ ಪ್ರಾರ್ಥನೆ ಇದೆಯಲ್ಲ, ಹಾಗೆ ಎಣಿಸಿ ಎಣಿಸಿ ಅನುಭವಿಸಿದೆ. ನಡುವಿನ ಗುರುವಾರ ಹಾಲ್ ಮುಚ್ಚಿತ್ತಲ್ಲ, ಹತ್ತನೇ ದಿನದ ಗುರುವಾರವೇ ನಾವು ಕೂಡಿದ್ದು. ನಿನ್ನ ಕುರ್ಚಿ ಖಾಲಿ ಇತ್ತು.

ಆದರೆ ಈಗ ಎಲ್ಲ ಸರಿಯಾಗಿದೆ ಡಿಂಪ್ನಾ. ನೋಡು, ಈ ಟವೆಲಿನಲ್ಲಿ ಏನು ತಂದಿದ್ದೇನೆ. ಬಿಚ್ಚು… ನಾನೇ ಬಿಚ್ಚುತ್ತೇನೆ. ಬಹುಮಾನ. ನಿಘಂಟು. ಚರ್ಚಿನದ್ದಕ್ಕಿಂತ ಎರಡು ಪಟ್ಟು ದಪ್ಪ, ಅಂಚಿಗೆಲ್ಲ ಚಿನ್ನದ ಬಣ್ಣ. ಇದು ನಿನ್ನದು. ಓದಲು ಬಾರದವಳಿಗೆ ಇದೆಂಥ ಬಹುಮಾನ ಅಂತ ನಗ್ತೀಯೇನೋ, ನಗು, ಒಮ್ಮೆ ನಗು. ನಾನು ವಾರಕ್ಕೊಂದು ಪುಟ ಓದಿ ಹೇಳ್ತೇನೆ ಬೇಕಾದರೆ. ಸಾಯುವುದರೊಳಗೆ ಅರ್ಧ ಆದರೂ ಮುಗಿಸೋಣ.

ಇದು ಅದರ ಜೊತೆಗೆ ಬಂದ ಕಾಗದ. ನಾನು ಅವರಿಗೆ ಬರೆದು ತಿಳಿಸಿದೆ, ತಪ್ಪಾಗಿದೆ ಅಂತ. ಅದಕ್ಕೆ ಉತ್ತರ. ಓದ್ತೇನೆ ಕೇಳು. 'ಮಾನ್ಯರೇ, ತಮ್ಮ ಪತ್ರ ತಲುಪಿತು. ಬಹುಮಾನ ಪಡೆದ ಪದ್ಯವು ಶ್ರೀಮತಿ ಡಿಂಪ್ನಾ ಹಾರ್ಟಿಗನ್ ಅವರದು ಎಂದು ತಿಳಿದು, ನಮ್ಮ ಕಚೇರಿಯಿಂದ ಆದ ಪ್ರಮಾದಕ್ಕಾಗಿ ವಿಷಾದಿಸುತ್ತೇವೆ. ಶ್ರೀಮತಿ ಡಿಂಪ್ನಾ ಹಾರ್ಟಿಗನ್ ಅವರಿಗೆ ನಮ್ಮ ಹೃತ್ಪೂರ್ವಕ ಅಭಿನಂದನೆಗಳು…' ಕೇಳಿದೆಯಾ? ಎರಡು ಸಲ ನಿನ್ನ ಹೆಸರು ಹಾಕಿದ್ದಾರೆ. ಕೆಳಗೆ ದೊಡ್ಡ ಅಧಿಕಾರಿಯ ಸಹಿ, ಮೊಹರು.

ಏನು? ಕೈ ಯಾಕೆ ಚಾಚಿದೆ?

ಕಾಗದವಾ… ಕೊಡ್ತೇನೆ. ನಿನ್ನ ಕೈ ಒದ್ದೆ ಇದೆಯಲ್ಲ, ಮಸಿ ಹರಡ್ತದೆ. ಒರೆಸಿಕೊಂಡೆಯಾ. ಸರಿ, ತಗೋ. ಇಟ್ಟುಕೋ ಬೇಕಾದರೆ, ಪೆಟ್ಟಿಗೆಯಲ್ಲಿ ಭದ್ರವಾಗಿ…

ಕಿಟಕಿಯ ಹತ್ತಿರ ಯಾಕೆ ಹೋದೆ?

ಬೆರಳಿಟ್ಟು ನೋಡ್ತಿದ್ದೀಯ. ಒಂದೊಂದೇ ಸಾಲು. ಡಿಂಪ್ನಾ, ಅವು ಟೈಪ್ ಮಾಡಿದ ಸಣ್ಣ ಅಕ್ಷರ, ನನಗೇ ಸರಿಯಾಗಿ ಕಾಣುವುದಿಲ್ಲ. ಬಾ, ಕೂತುಕೋ, ಇನ್ನೊಂದು ಸಲ ಓದಿ ಹೇಳ್ತೇನೆ. ಎಷ್ಟು ಸಲ ಬೇಕಾದರೂ ಓದ್ತೇನೆ. ಬಾಸ್ಟನ್ನಿನಿಂದ ಬರುವ ನಿನ್ನ ತಂಗಿಯ ಕಾಗದಗಳನ್ನು ಮೂರು ಮೂರು ಸಲ ಓದಿಲ್ವಾ ನಾನು… ಏನು ಹುಡುಕ್ತಿದ್ದೀಯ? ನಿನಗೆ ಅದರಲ್ಲಿ ಏನು…

ಓ ದೇವರೇ.

ನಿನ್ನ ಹೆಸರು.

ಪಿಂಚಣಿ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಲು ನಾಚಿಕೆ ಅಂತ ನೀನು ಅತ್ತಾಗ, ಇದೇ ಮೇಜಿನ ಮೇಲೆ ಹಿಟ್ಟು ಹರಡಿ ಕಲಿಸಿದವಳು ನಾನು. ಹೊಟ್ಟೆ ಮುಂದೆ ಮಾಡಿ ನಿಂತ ಡಿ, ಅದರ ಪಕ್ಕ ಬಾಲ ಇಳಿಬಿಟ್ಟ ವೈ. ನಾಲ್ಕು ವಾರ ಬೇಕಾಯಿತು ನಮಗೆ. ಜಗತ್ತಿನಲ್ಲಿ ನಿನಗೆ ಓದಲು ಬರುವ ಒಂದೇ ಪದ ಅದು. ನಾನು ಮರೆತೇಬಿಟ್ಟಿದ್ದೆ. ನಿನಗೆ ಒಂದಕ್ಷರವೂ ಬಾರದು ಅಂತ ನಂಬಿಕೊಂಡು ಬಂದೆ ಇವತ್ತು.

ಕೆಳಗಿನ ಸಾಲಿಗೆ ಬಂದೆ. ಮತ್ತೆ ಮೇಲಿನಿಂದ ಶುರು ಮಾಡ್ತಿದ್ದೀಯ. ನಿಧಾನವಾಗಿ… ಎಲ್ಲೋ ಬೆರಳು ಜಾರಿರಬೇಕು, ತಪ್ಪು ನಿನ್ನದೇ ಇರಬೇಕು ಅನ್ನುವ ಹಾಗೆ.

ಬೈ ನನ್ನನ್ನು. ಆ ಆಲೂಗಡ್ಡೆ ಎತ್ತಿ ಎಸಿ. ಏನಾದರೂ ಅನ್ನು ಡಿಂಪ್ನಾ.

ಅದರಲ್ಲಿ ನಿನ್ನ ಹೆಸರಿಲ್ಲ. ಯಾವ ಹುಡುಗಿಯೂ ತಪ್ಪು ಮಾಡಲಿಲ್ಲ. ಲಕೋಟೆಯಲ್ಲಿ ಎರಡು ಪದ್ಯ ಇರಲಿಲ್ಲ, ಒಂದೇ ಇತ್ತು. ಅದರ ಕೆಳಗೆ ನಾನು ನನ್ನ ಹೆಸರು ಬರೆದೆ, ನಿಧಾನವಾಗಿ, ಒಳ್ಳೆಯ ಪೆನ್ನಿನಲ್ಲಿ. ಅವರಿಗೆ ನಾನು ಯಾವ ಪತ್ರವನ್ನೂ ಬರೆದಿಲ್ಲ. ಅದು ನನಗೆ ಬಂದ ಅಭಿನಂದನೆ. ಈಗ ಓದಿದ್ದೆಲ್ಲ ಅಲ್ಲೇ ಕಟ್ಟಿ ಹೇಳಿದ್ದು. ನೀನು ಪದ್ಯ ಕಟ್ಟುವ ಹಾಗೆ ಒಂದೇ ಉಸಿರಿಗೆ ಬಂತು, ಅದೊಂದು ಮಾತ್ರ ನನಗೆ ಬಂತು.

ನಿನ್ನ ತಂಗಿಯ ಕಾಗದಗಳನ್ನು ಇದ್ದದ್ದು ಇದ್ದ ಹಾಗೇ ಓದಿದ್ದೇನೆ. ನಿನಗೆ ಆಸ್ಪತ್ರೆಯಿಂದ ಬಂದ ಕಾಗದವನ್ನೂ. ಒಂದಕ್ಷರ ಬದಲಿಸಿಲ್ಲ. ನಂಬು ಅಂತ ಯಾವ ಬಾಯಲ್ಲಿ ಹೇಳಲಿ… ಆದರೂ ನಂಬು.

ಬೇಡ ತಾಯಿ, ಕಾಗದ ತಿರುಗಿಸಬೇಡ. ಆ ಮಗ್ಗುಲು ಖಾಲಿ.